ಹೂಮಳೆಯ ಇಂಚು

ಕೊಡ್ಲಿಪೇಟೆ ಕಡೆಯ ಕಾಫಿ ಬೆಳೆಗಾರರು ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಮಾತಾಡುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ನಾನು ತರಿಸಿದ ಹೊಸ ಮಳೆಮಾಪಕಕ್ಕೆ ಮಾತ್ರ ಮಿಲಿಮೀಟರ್ ಬಿಟ್ಟು ಬೇರೇನೂ ಗೊತ್ತಿಲ್ಲ. ಹಾಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ಜಾವಾಸ್ಕ್ರಿಪ್ಟ್ ಕಲಿತು, ಒಂದನ್ನು ಇನ್ನೊಂದಕ್ಕೆ ತಿರುಗಿಸುವ ವೆಬ್ ಪುಟ ಮಾಡಿದೆ.

ಇಂಚಿಗೆ 25.4 ಮಿಲಿಮೀಟರ್. ಈ ಸಂಖ್ಯೆ ಎಲ್ಲಾದರೂ ಬದಲಾಗಿಬಿಟ್ಟರೆ ಎಂಬ ಭಯಕ್ಕೆ ಅದನ್ನು ಸ್ಥಿರಾಂಕವೆಂದು ಬರೆದೆ. ಹಾಗೆ ಬರೆದ ಮೇಲೆ ಪ್ರೋಗ್ರಾಮಿನ ಬೇರಾವ ಸಾಲೂ ಅದನ್ನು ಮುಟ್ಟುವಂತಿಲ್ಲ. ಆದರೂ ದಿನಕ್ಕೆರಡು ಸಲ ತೆಗೆದು ನೋಡುತ್ತಿದ್ದೆ.

ಮಾರ್ಚ್‌ನಲ್ಲಿ ಹೂಮಳೆ ಬಂತು. ಕಾಫಿ ಮೊಗ್ಗು ಸರಿಯಾಗಿ ಬಿರಿಯಲು ಒಂದಿಂಚಾದರೂ ಬೇಕು. ಕಡಿಮೆ ಬಿದ್ದರೆ ಕೂಡಲೇ ಸ್ಪ್ರಿಂಕ್ಲರ್ ಹಾಕಬೇಕು. ಇಲ್ಲವಾದರೆ ಮೊಗ್ಗು ಕರಟಿ ವರ್ಷದ ಫಸಲೇ ಹೋಗುತ್ತದೆ. ನನ್ನವು ಹಿತ್ತಲಿನ ಹತ್ತು ಗಿಡ, ಬಿಂದಿಗೆ ನೀರು ಸಾಕು. ಪಕ್ಕದ ತೋಟವನ್ನು ಒಬ್ಬರೇ ನೋಡಿಕೊಳ್ಳುವ ಅಕ್ಕ ಬೆಳಿಗ್ಗೆ ಫೋನ್ ಮಾಡಿ ಎಷ್ಟು ಬಿತ್ತೆಂದು ಕೇಳಿದರು. ಮಾಪಕ 15.2 ತೋರಿಸುತ್ತಿತ್ತು. ಪುಟ ‘1 ಇಂಚು 60 ಸೆಂಟು’ ಎಂದಿತು, ನಾನೂ ಹಾಗೇ ಎಂದೆ. ಅಕ್ಕ ನೆಮ್ಮದಿಯಾಗಿ ಸ್ಪ್ರಿಂಕ್ಲರ್ ಪೈಪುಗಳನ್ನೆಲ್ಲ ಬಿಚ್ಚಿಸಿ ಶೆಡ್ಡಿಗೆ ಹಾಕಿಸಿದರು.

ಮಧ್ಯಾಹ್ನ ಅನ್ನ ಕಲಸುವಾಗ ಹೊಳೆಯಿತು: 25.4 ಕೂಡ ಆಗದ್ದು ಇಂಚಿಗಿಂತ ಹೆಚ್ಚಾದದ್ದು ಹೇಗೆ? ಎದ್ದು ಹೋಗಿ ನೋಡಿದೆ. ಸ್ಥಿರಾಂಕ ಕಲ್ಲಿನಂತೆ ಅಲ್ಲೇ ಕೂತಿತ್ತು. ತಪ್ಪು ಅದರ ಕೆಳಗಿನ ಸಾಲಿನಲ್ಲಿ. ಪೂರ್ತಿ ಇಂಚು ಎಷ್ಟೆಂದು ಲೆಕ್ಕ ತೆಗೆಯಲು, ದಶಾಂಶವನ್ನು ಕತ್ತರಿಸಿ ಎಸೆಯುವ ‘ಫ್ಲೋರ್’ ಬೇಕಿತ್ತು. ನಾನು ‘ರೌಂಡ್’ ಹಾಕಿದ್ದೆ. ಅದು ಅರ್ಧ ದಾಟಿದ್ದನ್ನು ಪೂರ್ತಿ ಒಂದಕ್ಕೆ ಏರಿಸುತ್ತದೆ. ನಿಜವಾಗಿ ಬಿದ್ದದ್ದು ಬರೀ ಅರವತ್ತು ಸೆಂಟು.

ಕೈ ತೊಳೆಯದೆ ಓಡಿದೆ. ಅಕ್ಕ ನನ್ನ ಫ್ಲೋರ್, ರೌಂಡ್ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡರು.

“ಇಲ್ಲದ ಇಂಚು ಸೇರಿಸ್ತಲ್ಲ ನಿನ್ ಕಂಪ್ಯೂಟರು, ಪೈಪ್ ಹೊರೋದಕ್ಕೂ ಅದನ್ನೇ ಕರ್ಕೊಂಡ್ ಬಾ ಮಾರಾಯ.”

“ಅದಕ್ಕೆ ಹೆಗಲಿಲ್ಲ ಅಕ್ಕ.”

“ನಿಂಗಿದಾವಲ್ಲ. ನಡಿ.”

ಆಳುಗಳ ಜೊತೆ ಕತ್ತಲಾಗುವ ತನಕ ಹೊತ್ತೆ. ಆ ರಾತ್ರಿಯೇ ನೀರು ಹಾರತೊಡಗಿತು. ಆಮೇಲೆ ಎಂಟು ದಿನ ನಾನು ಬೇಲಿ ಬಳಿಯೇ ವಾಸ. ಒಂಬತ್ತನೆಯ ಬೆಳಿಗ್ಗೆ ಅಕ್ಕನ ಇಳಿಜಾರು ಪೂರ್ತಿ ಬೆಳ್ಳಗಾಗಿ, ಘಮ ನಮ್ಮ ಅಡುಗೆಮನೆಗೂ ಬಂದಿತ್ತು. ಗಿಡಗಿಡವನ್ನೂ ದಿಟ್ಟಿಸುತ್ತಾ ನಿಂತವನನ್ನು ಕಂಡು ಅಕ್ಕ ಆಚೆಯಿಂದಲೇ ಹೇಳಿದರು: “ಎಲ್ಲ ಬಿರಿದಾವೆ. ಹೋಗಿ ತಿಂಡಿ ತಿನ್ನು.”

ಹೊರಟೆ. ನಾಲ್ಕು ಹೆಜ್ಜೆ ಇಟ್ಟ ಮೇಲೆ, ಇಷ್ಟು ಹೂವಿಗೆ ಜೇನುನೊಣ ಸಾಲುತ್ತವೋ ಇಲ್ಲವೋ ಎಂದು ಚಿಂತೆ ಶುರುವಾಯಿತು.