ವಿದ್ಯುತ್ ಪಾಠದ ಮೇಲೆ ಸನ್ಮಾನ

ಹೈಸ್ಕೂಲು ಮುಗಿಸಿ, ಶಿಕ್ಷಕರ ತರಬೇತಿ ಪಡೆದು, ನಾನು ಮುಂಬಯಿಯ ವಡಾಲದ ಒಂದು ಕನ್ನಡ ಶಾಲೆಯಲ್ಲಿ ಕೆಳಗಿನ ತರಗತಿಗಳ ಮಾಸ್ತರನಾಗಿದ್ದೆ. ಎಂಬತ್ತರ ದಶಕದ ನಡುವಿನಲ್ಲಿ ಯಾರೋ ದಾನಿಗಳು ಶಾಲೆಗೆ ಒಂದು ಟೇಪ್ ರೆಕಾರ್ಡರ್ ಕೊಟ್ಟರು. ಅದಕ್ಕೆ ಹಾರ ಹಾಕಿ, ಕುಂಕುಮ ಹಚ್ಚಿ, ಫೋಟೊ ತೆಗೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟೆವು. ಕೀಲಿ ನನ್ನ ಬಳಿ. ಕೆಟ್ಟರೆ ನಾನೇ ಉತ್ತರ ಹೇಳಬೇಕು. ಆದ್ದರಿಂದ ಅದನ್ನು ಯಾರಿಗೂ ಮುಟ್ಟಲು ಕೊಡುತ್ತಿರಲಿಲ್ಲ.

ನಮ್ಮ ಸ್ಟಾಫ್ ರೂಮಿನ ರೀತಿಯೇ ಹಾಗಿತ್ತು. ಒಬ್ಬರ ನೋಟ್ಸು ಇನ್ನೊಬ್ಬರ ಕಣ್ಣಿಗೆ ಬೀಳುತ್ತಿರಲಿಲ್ಲ. ಊಟಕ್ಕೆ ಏಳುವಾಗಲೂ ಅದನ್ನು ಡಬ್ಬಿಯ ಚೀಲದಲ್ಲಿ ತುರುಕಿಕೊಂಡೇ ಏಳುತ್ತಿದ್ದೆವು. ನಮ್ಮ ವಿಜ್ಞಾನದ ಶಿಕ್ಷಕಿ ಮಾತ್ರ ಬೇರೆ; ಮುಂಬಯಿಯ ರೂಢಿಯಂತೆ ಅವರನ್ನು ಎಲ್ಲರೂ 'ಬಾಯಿ' ಎನ್ನುತ್ತಿದ್ದೆವು. ಮೈಸೂರು ಕಡೆಯವರು, ಗಂಡ ಬ್ಯಾಂಕಿನಲ್ಲಿ. ತಮ್ಮ ನೋಟ್ಸನ್ನು ಕೇಳಿದವರಿಗೆಲ್ಲ ಕೊಟ್ಟುಬಿಡುತ್ತಿದ್ದರು. ಅವರಿಲ್ಲದಾಗ ನಾವು ಅದಕ್ಕಾಗಿ ನಗುತ್ತಿದ್ದೆವು.

ಆ ವರ್ಷ ಗೋರೆಗಾಂವಿನ ಕನ್ನಡ ಶಾಲೆಯ ವಿಜ್ಞಾನ ಶಿಕ್ಷಕರು ಕೆಲಸ ಬಿಟ್ಟರು. ಬದಲಿಗೆ ಯಾರೂ ಬರಲಿಲ್ಲ. ಹತ್ತನೆಯವರು ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆಗೆ ಕೂರಬೇಕು. ಫಲಿತಾಂಶ ಬಿದ್ದರೆ ಹತ್ತನೆಯ ತರಗತಿಯನ್ನೇ ಮುಚ್ಚುವುದಾಗಿ ಅಲ್ಲಿನ ಆಡಳಿತದವರು ಹೇಳಿಬಿಟ್ಟಿದ್ದರು. ಅಲ್ಲಿನ ಹೆಡ್‌ಮಾಸ್ತರರು, ಉಡುಪಿ ಕಡೆಯವರು, ನಮ್ಮಲ್ಲಿಗೆ ಬಂದು ಕೈಮುಗಿದರು. ಬಾಯಿ ಯೋಚಿಸಿ ಹೇಳಿದರು: "ನಾನು ಬರೋಕಾಗಲ್ಲ ಸಾರ್. ನನ್ನ ಧ್ವನಿ ಕಳಿಸ್ತೀನಿ."

ಹೀಗೆ ಕಪಾಟು ತೆರೆಯಬೇಕಾಯಿತು. ಶಾಲೆ ಬಿಟ್ಟ ಮೇಲೆ ಬಾಯಿ ಖಾಲಿ ತರಗತಿಯಲ್ಲಿ ಕೂತು ಪಾಠ ಹೇಳುತ್ತಿದ್ದರು. ನಾನು ಗುಂಡಿ ಒತ್ತುತ್ತಿದ್ದೆ. "ಈಗ ಟೇಪ್ ನಿಲ್ಸಿ. ಬೋರ್ಡ್ ಮೇಲೆ ಬ್ಯಾಟರಿ, ಬಲ್ಬ್, ತಂತಿ ಬರೀರಿ. ಬರೆದಾಯ್ತಾ? ಹ್ಞಾಂ, ಮುಂದಕ್ಕೆ." ನಡುವೆ ಲೋಕಲ್ ರೈಲು ಹೋದರೆ ಅದೂ ರೆಕಾರ್ಡ್ ಆಗುತ್ತಿತ್ತು. ಶನಿವಾರ ಗೋರೆಗಾಂವಿನ ಹೆಡ್‌ಮಾಸ್ತರರು ಬಂದು ಕ್ಯಾಸೆಟ್ ಒಯ್ಯುತ್ತಿದ್ದರು. ಜೊತೆಗೆ ಅಲ್ಲಿನ ಮಕ್ಕಳ ಪ್ರಶ್ನೆಗಳನ್ನು ತರುತ್ತಿದ್ದರು. ಮುಂದಿನ ಕ್ಯಾಸೆಟ್ಟಿನಲ್ಲಿ ಬಾಯಿ ಅವಕ್ಕೆ ಉತ್ತರ ಹೇಳುತ್ತಿದ್ದರು. ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಪುಟ್ಟ ಪ್ಲಾಸ್ಟಿಕ್ ಎಸಳನ್ನು ಅವರೇ ಮುರಿಯುತ್ತಿದ್ದರು. ಅದು ಮುರಿದರೆ ರೆಕಾರ್ಡ್ ಗುಂಡಿ ಕೆಳಗಿಳಿಯುವುದಿಲ್ಲ. "ಇನ್ನು ಇದನ್ನ ಯಾರೂ ಅಳಿಸೋಕಾಗಲ್ಲ ನೋಡಿ," ಎಂದು ನಗುತ್ತಿದ್ದರು.

ಒಂದು ದಿನ ನಾನೇ ಮುಂದಾಗಿ ಗೋರೆಗಾಂವಿನ ಹೆಡ್‌ಮಾಸ್ತರರನ್ನು ಕೇಳಿದೆ: "ನನ್ನ ಪದ್ಯಪಾಠವನ್ನೂ ಒಂದು ಟೇಪ್ ಮಾಡಿ ಕಳಿಸಲಾ?" ಗೋರೆಗಾಂವಿನವರು ಮೆತ್ತಗೆ ಹೇಳಿದರು: "ಬೇಡ ಮಾರಾಯ್ರೆ, ಕನ್ನಡಕ್ಕೆ ನಮ್ಮಲ್ಲೇ ಜನ ಉಂಟು." ಅದರಲ್ಲಿ ತಪ್ಪೇನೂ ಇರಲಿಲ್ಲ. ನನ್ನ ಹೊಟ್ಟೆಯಲ್ಲಿ ಮಾತ್ರ ಕಿಚ್ಚು ಹೊತ್ತಿಕೊಂಡಿತು.

ಜನವರಿಯಲ್ಲಿ ನಮ್ಮ ಶಾಲಾ ಸಮಿತಿಯ ಅಧ್ಯಕ್ಷರಿಗೆ ಸನ್ಮಾನವಿತ್ತು. ನಮ್ಮ ಹೆಡ್‌ಮಾಸ್ತರರು ಧಾರವಾಡದವರು. "ಮಾಸ್ತರ, ಅಧ್ಯಕ್ಷರ ಭಾಷಣ ಟೇಪಿನ್ಯಾಗ ಬರಬೇಕು. ಏನರ ಮಾಡ್ರಿ," ಎಂದರು. ಸ್ಟೇಷನ್ ಎದುರಿನ ಅಂಗಡಿಯಲ್ಲಿ ಹೊಸ ಕ್ಯಾಸೆಟ್ ಸಿಗುತ್ತಿತ್ತು. ನಾನು ಹೋಗಲಿಲ್ಲ. ಶನಿವಾರ ಕೊಡಬೇಕಾಗಿದ್ದ 'ವಿದ್ಯುತ್' ಕ್ಯಾಸೆಟ್ ತೆಗೆದು, ಎಸಳು ಮುರಿದಿದ್ದ ಜಾಗಕ್ಕೆ ಅಂಟುಪಟ್ಟಿ ಹಚ್ಚಿದೆ. ಗುಂಡಿ ಸಲೀಸಾಗಿ ಕೆಳಗಿಳಿಯಿತು. ಬಾಯಿಯ ಪಾಠದ ಮೇಲೆ ಹಾರ್ಮೋನಿಯಂ, ಸ್ವಾಗತಗೀತೆ, ಅಧ್ಯಕ್ಷರ ಭಾಷಣ ಎಲ್ಲ ಕೂತವು.

ಬಾಯಿಗೆ ಹೇಳಿದ್ದರೆ ಮತ್ತೊಮ್ಮೆ ಪಾಠ ಹೇಳುತ್ತಿದ್ದರು. ಹೇಳಲಿಲ್ಲ. ಶನಿವಾರ ಗೋರೆಗಾಂವಿನವರು ಬಂದು ನಿಂತಾಗ ಅದೇ ಕ್ಯಾಸೆಟ್ಟನ್ನು ಅವರ ಕೈಗಿಟ್ಟೆ.

ಸೋಮವಾರವೇ ಅವರು ಕ್ಯಾಸೆಟ್ ಹಿಡಿದು ಓಡಿ ಬಂದರು. "ಎಂತ ಮಾರಾಯ್ರೆ ಇದು! ವಿದ್ಯುತ್ ಅಂತ ಹಾಕಿದ್ರೆ ಒಳಗೆ ನಿಮ್ಮ ಅಧ್ಯಕ್ಷರು! ಮಕ್ಕಳು ಚಪ್ಪಾಳೆ ತಟ್ಟಿ ಬಿದ್ದು ಬಿದ್ದು ನಗಾಡಿದ್ರು!" ಮಕ್ಕಳು ನಕ್ಕ ಸುದ್ದಿ ಅಧ್ಯಕ್ಷರ ಕಿವಿಗೂ ತಲುಪಿತು. ನಮ್ಮ ಹೆಡ್‌ಮಾಸ್ತರರು ನನ್ನನ್ನೂ ಬಾಯಿಯನ್ನೂ ಕರೆದರು.

"ಯಾರ್ ಕೊಟ್ಟಾರ್ರಿ ಇದನ್ನ?"

"ಕಳಿಸೋಕೆ ಬಾಯಿಯೇ ಆರಿಸಿ ಕೊಟ್ಟರು," ಎಂದೆ.

ಬಾಯಿ ಕ್ಯಾಸೆಟ್ ತಿರುಗಿಸಿ ಅಂಟುಪಟ್ಟಿಯನ್ನು ಉಗುರಿನಿಂದ ಕಿತ್ತು ನೋಡಿದರು. ನಂತರ ನನ್ನನ್ನು ನೋಡಿದರು. "ತಪ್ಪು ಯಾರದಾದ್ರೂ ಇರ್ಲಿ ಸಾರ್. ಇವತ್ತೇ ಮತ್ತೆ ರೆಕಾರ್ಡ್ ಮಾಡಿಕೊಡ್ತೀನಿ. ಪರೀಕ್ಷೆ ಹತ್ತಿರ ಬಂತು."

"ಸಾಕ್ರಿ ಬಾಯಿ. ಅಧ್ಯಕ್ಷರ ಮರ್ಯಾದಿ ಗೋರೆಗಾಂವದಾಗ ಹರಾಜ್ ಆಗೇತಿ. ಇನ್ನ ಮಷೀನ್ ಹೊರಗ ತೆಗೀಬ್ಯಾಡ್ರಿ ಮಾಸ್ತರ."

ಆಗಲೂ ನಿಜ ಹೇಳಲು ಸಮಯವಿತ್ತು. ನಾನು ಹೋಗಿ ಕಪಾಟಿಗೆ ಬೀಗ ಹಾಕಿದೆ. ಬಾಯಿ ಆಮೇಲೆ ನನ್ನ ಬಗ್ಗೆ ಯಾರ ಮುಂದೆಯೂ ಏನೂ ಆಡಲಿಲ್ಲ. ಬೆಳಿಗ್ಗೆ ನಮಸ್ಕಾರ ಹೇಳುವುದನ್ನು ಮಾತ್ರ ನಿಲ್ಲಿಸಿದರು.

ಗೋರೆಗಾಂವಿನಲ್ಲಿ ಆ ವರ್ಷ ಹೆಚ್ಚಿನವರು ವಿಜ್ಞಾನದಲ್ಲೇ ಬಿದ್ದರು. ಜೂನ್ ತಿಂಗಳಲ್ಲಿ, ತಪ್ಪೊಪ್ಪಿಕೊಳ್ಳಲೇಬೇಕೆಂದು ಅಂಧೇರಿಯಲ್ಲಿ ಗಾಡಿ ಬದಲಿಸಿ ಅಲ್ಲಿಗೆ ಹೋದೆ. ಹತ್ತನೆಯ ತರಗತಿ ಮುಚ್ಚಿತ್ತು. ಕೋಣೆಯ ಬೆಂಚುಗಳನ್ನು ವರಾಂಡದಲ್ಲಿ ಒಂದರ ಮೇಲೊಂದು ಪೇರಿಸಿದ್ದರು. ಒಂಬತ್ತು ಮುಗಿಸಿದವರು ಹಿಂದಿ ಶಾಲೆಗೋ ಮರಾಠಿ ಶಾಲೆಗೋ ಸೇರಲು ಸರ್ಟಿಫಿಕೇಟಿಗಾಗಿ ಸಾಲು ನಿಂತಿದ್ದರು. ಹೆಡ್‌ಮಾಸ್ತರರು ನನ್ನನ್ನು ಕೂರಿಸಿ ಚಹಾ ತರಿಸಿದರು.

ಪರೀಕ್ಷೆಯಲ್ಲಿ ಬಿದ್ದಿದ್ದ ಒಬ್ಬ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ನಾನು ವಡಾಲದವನೆಂದು ತಿಳಿದು ಒಳಗೆ ಬಂದಳು.

"ಸರ್, ಬಾಯಿದು ಟೇಪ್ ಯಾಕೆ ಬಂದ್ ಆಯ್ತು? ನಾವು ನಕ್ಕಿದ್ದಕ್ಕಾ? ಅಧ್ಯಕ್ಷರಿಗೆ ಸಾರಿ ಅಂತ ಚಿಟ್ಠಿ ಬರೀಬೇಕು ಅಂತ ಇದ್ವಿ ಸರ್, ಸಚ್ಚಿ, ನಿಜವಾಗ್ಲೂ."

ಅವಳು ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ಹೆಡ್‌ಮಾಸ್ತರರೂ ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದರು.

"ಇಲ್ಲಮ್ಮ," ಎಂದೆ. "ಮಷೀನ್ ಕೆಟ್ಟಿತ್ತು."

ಚಹಾ ಪೂರ್ತಿ ಕುಡಿದು ಎದ್ದು ಬಂದೆ.