ಸಾವಕಾರರ ಕೈಯಿಂದ ಚಾಲೂ ಆದ ಸರ್ವರ್

ಬೈಲಹೊಂಗಲದ ಒಂದು ಹತ್ತಿ ಮಾರಾಟ ಸಂಘದಲ್ಲಿ ನನ್ನ ಮೊದಲ ನೌಕರಿ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಧಾರವಾಡದಲ್ಲಿ ಎಂ.ಸಿ.ಎ. ಮುಗಿಸಿ ಬಂದಿದ್ದೆ. ಕಚೇರಿಯಲ್ಲಿ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್, ಅದರಲ್ಲಿ ಒಂದು ಡೇಟಾಬೇಸ್ ಸರ್ವರ್. ಮುಂಗಾರಿನಿಂದ ನಾನು ಅದರೊಳಗೆ ರೈತರ ಹೆಸರು, ಹೊಲದ ಸರ್ವೆ ನಂಬರು, ಬಿತ್ತಿದ ತಳಿ ತುಂಬುತ್ತ ಬಂದಿದ್ದೆ. ಸಂಗೊಳ್ಳಿ, ಮುರಗೋಡದ ರೈತರು ಎದುರು ಕೂತು ಹೇಳಿ ಬರೆಸಿದ್ದು ಅದು. ಹತ್ತಿ ಬಂದಾಗ ಅದರಿಂದಲೇ ಅವರಿಗೆ ಸವಾಲಿನ, ಅಂದರೆ ಹರಾಜಿನ, ಚೀಟಿ ಮುದ್ರಿಸಬೇಕು. ನಕಲು ಇಡಲು ನಾನು ಕೇಳಿದ್ದ ಸಿಡಿ ರೈಟರ್ ಇನ್ನೂ ಬಂದಿರಲಿಲ್ಲ.

ದಸರೆಗೆ ಸುರೇಬಾನದ ಮನೆಗೆ ಹೋಗಿ ಬಂದೆ. ಆಮೇಲೂ ಎಲ್ಲ ಸರಿಯಾಗಿಯೇ ನಡೆದಿತ್ತು. ಹತ್ತಿಯ ಗಾಡಿಗಳು ಬರತೊಡಗಿದಾಗ ಒಂದು ಬೆಳಿಗ್ಗೆ ಕರೆಂಟು ಹೋಯಿತು, ಬ್ಯಾಟರಿಯೂ ಇಳಿಯಿತು. ಕರೆಂಟು ಬಂದ ಮೇಲೆ ಕಂಪ್ಯೂಟರ್ ಎದ್ದಿತು, ಡೇಟಾಬೇಸ್ ಏಳಲಿಲ್ಲ. ಚಾಲೂ ಮಾಡಿದ ಕ್ಷಣವೇ ಬೀಳುತ್ತಿತ್ತು.

ಮ್ಯಾನೇಜರರು ಬೆಳಗಾವಿಯ ಎಂಜಿನಿಯರರಿಗೆ ಫೋನ್ ಹಚ್ಚಿದರು. ಎಲ್ಲ ಒರೆಸಿ ಪ್ಯಾಕೇಜನ್ನು ಹೊಸದಾಗಿ ಹಾಕೋಣ, ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ ಎಂದರಂತೆ. ಒರೆಸಿದರೆ ಮುಂಗಾರಿನಿಂದ ತುಂಬಿದ್ದೆಲ್ಲ ಹೋದಂತೆಯೇ. ಅಲ್ಲಿಯ ತನಕ ನನಗೆ ಬಿಡಿ ಎಂದೆ. ಮ್ಯಾನೇಜರರು ತಮ್ಮ ಕೋಣೆಗೆ ಹೋದರು.

ಸರ್ವರ್ ಬೀಳುವ ಮೊದಲು ಕಾರಣ ಬರೆದಿಟ್ಟಿರುತ್ತದೆ. ಓದಿದೆ: ಫೈಲ್ ತೆರೆಯಲು ಅನುಮತಿ ಇಲ್ಲ. ನನಗೆ ಅರ್ಧ ಜೀವ ಬಂತು. ಫೈಲ್ ಕೆಟ್ಟಿಲ್ಲ, ಬಾಗಿಲು ಹಾಕಿದೆ ಅಷ್ಟೆ. ಈ ಸರ್ವರ್ ಓಡುವುದು ತನ್ನದೇ ಆದ ಒಂದು ಸಣ್ಣ ಬಳಕೆದಾರನ ಹೆಸರಿನಲ್ಲಿ. ಫೈಲುಗಳೂ ಆ ಹೆಸರಿನಲ್ಲೇ ಇರಬೇಕು. ನೋಡಿದರೆ ಕೆಲವು ಫೈಲುಗಳ ಒಡೆಯ ರೂಟ್, ಅಂದರೆ ಇಡೀ ಕಂಪ್ಯೂಟರಿನ ಮೇಲೆ ಅಧಿಕಾರ ಇರುವ ಬಳಕೆದಾರ. ಅವುಗಳಲ್ಲಿ ಎಲ್ಲಕ್ಕಿಂತ ಹಳೆಯದರ ತಾರೀಖು ದಸರೆಯ ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ದಿನದ್ದು.

ಆ ದಿನ ನಾನು ಊರಲ್ಲಿದ್ದೆ. ಗುಮಾಸ್ತರನ್ನು ಕೇಳಿದೆ. ಇಲ್ಲಿ ತಕ್ಕಡಿಯಾಗಲಿ ಜಿನ್ನಿಂಗ್ ಯಂತ್ರವಾಗಲಿ, ಪೂಜೆಯಾದ ಮೇಲೆ ಮೊದಲು ಚಾಲೂ ಮಾಡುವುದು ಹಿರಿಯರ ಕೈಯಿಂದಲೇ. ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಕಾಯಿ ಒಡೆದು, ಸಂಘದ ಅಧ್ಯಕ್ಷರಾದ ಸಾವಕಾರರನ್ನು ಕೂರಿಸಿದ್ದರು.

"ಸಾವಕಾರ್ರು ಕುಂತಾಗ ಸಣ್ಣ ಹೆಸರಿಲೆ ಹೆಂಗ ಚಾಲೂ ಮಾಡ್ಸೂದ್ರಿ ಬಾಯಾರ? ಎಲ್ಲಾರಕಿಂತ ದೊಡ್ಡ ಹೆಸರ ಹಾಕಿದ್ವಿ," ಎಂದರು ಗುಮಾಸ್ತರು. ಕಲಿತ ಹೆಣ್ಣುಮಕ್ಕಳನ್ನು ಇಲ್ಲಿ ಗೌರವದಿಂದ ಕರೆಯುವುದು ಬಾಯಾರು ಎಂದೇ.

ಅಂದಿನಿಂದ ಒಮ್ಮೆಯೂ ನಿಲ್ಲದೆ ಸರ್ವರ್ ರೂಟಿನ ಹೆಸರಿನಲ್ಲಿ ಓಡುತ್ತ, ಹೊಸ ಫೈಲುಗಳನ್ನೂ ಅದೇ ಹೆಸರಿಗೆ ಮಾಡುತ್ತ ಬಂದಿತ್ತು. ಕರೆಂಟು ಹೋಗಿ ಬಂದಾಗ ಅದು ತಾನಾಗಿ ಎದ್ದದ್ದು ಸಣ್ಣ ಹೆಸರಿನಲ್ಲಿ. ಆ ಫೈಲುಗಳನ್ನು ಮುಟ್ಟಲು ಅದಕ್ಕೆ ಹಕ್ಕಿರಲಿಲ್ಲ.

ಸವಾಲು ಯಾಕೆ ಶುರುವಾಗಿಲ್ಲ ಎಂದು ಕೇಳಿಕೊಂಡು ಸಾವಕಾರರೇ ಒಳಗೆ ಬಂದರು. ನಡೆದದ್ದನ್ನು ಹೇಳಿದೆ.

"ಅಂದ್ರ ನಾ ಕೆಡಸೀನಿ ಅಂತೀ ಏನ್ ತಂಗಿ?"

ಗುಮಾಸ್ತರು ನೆಲ ನೋಡತೊಡಗಿದರು.

"ಏನೂ ಕೆಟ್ಟಿಲ್ರಿ. ಮನಿ ಯಜಮಾನ್ರು ಹಿಟ್ಟಿನ ಡಬ್ಬಿಗೆ ಕೀಲಿ ಹಾಕ್ಕೊಂಡು ಹೊಲಕ್ಕ ಹೋದ್ರ, ರೊಟ್ಟಿ ಬಡ್ಯಾಕಿ ಏನ ಮಾಡಬೇಕ್ರಿ?"

ಅಷ್ಟು ಮಾತಾಡುವವಳಲ್ಲ ನಾನು. ಸಾವಕಾರರು ನಕ್ಕುಬಿಟ್ಟರು. "ನಮ್ಮಾಕಿ ಆಗಿದ್ರ ಕೀಲಿ ಒಡದ ಒಗದು, ನನಗ ರೊಟ್ಟಿ ಹಾಕದ ಉಪಾಸ ಕೆಡವತಿದ್ಲು. ನೀ ಸಾವಕಾಶ ತಗೀವಾ."

ಒಂದೇ ಸಾಲಿನ ಆದೇಶದಿಂದ ಆ ಫೈಲುಗಳ ಒಡೆತನ ಬದಲಿಸಿದೆ. ಚಾಲೂ ಮಾಡಿದೆ. ಈ ಸಲ ಬೀಳಲಿಲ್ಲ. ಕರೆಂಟು ಹೋದಾಗ ಏನಾದರೂ ಹಾಳಾಗಿದೆಯೇ ಎಂದು ಒಂದೊಂದೇ ಕೋಷ್ಟಕ ಪರೀಕ್ಷಿಸಿದೆ. ಎಲ್ಲ ಇತ್ತು. ಕಿಟಕಿಯಲ್ಲಿ ನಿಂತಿದ್ದ ಮುರಗೋಡದ ರೈತರೊಬ್ಬರ ಹೆಸರು ಟೈಪ್ ಮಾಡಿದರೆ ಅವರ ಹೊಲ, ಅವರ ತಳಿ ಪರದೆಯ ಮೇಲೆ ಬಂತು. ಪ್ರಿಂಟರ್ ಕರಕರ ಎಂದು ಚೀಟಿ ಹೊರಗೆ ಹಾಕಿತು. ಅವರು ಅದನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡು ಹೋದರು. ನನ್ನ ಖುಷಿ ಮುಖದ ಮೇಲೆ ಕಾಣಬಾರದೆಂದು ಬಹಳ ಪ್ರಯತ್ನಪಟ್ಟೆ.

ಆಚೆ ಕೋಣೆಯಲ್ಲಿ ಮ್ಯಾನೇಜರರು ಫೋನಿನಲ್ಲಿ ಹೇಳುವುದು ಕೇಳಿಸಿತು: "ನೀವು ಬರೂದ ಬ್ಯಾಡ್ರಿ. ನಮ್ಮ ಬಾಯಾರು ಮಾಡ್ಯಾರ."

ಅಂದಿನವರೆಗೆ ಅವರ ಬಾಯಲ್ಲಿ ನಾನು 'ಆ ಹುಡುಗಿ' ಆಗಿದ್ದೆ. ಕಿಟಕಿಯ ಮುಂದೆ ಸಾಲು ಬೆಳೆದಿತ್ತು. ಮುಂದಿನವರನ್ನು ಕರೆದೆ.