ಹರ್ಷೆಲ್ ಕಟ್ಟಿದ ಗಂಟುಗಳು

ಗಂಡನ ದೋಣಿಯಲ್ಲಿ ಓಪಲೀನ್ ಬಾಳೆಲ್ಲ ಬಲೆ ಹಿಡಿದು ಕೂತವಳು. ಗಾಳದ ಕೋಲು ಗಂಡ ಹರ್ಷೆಲ್‌ನದು, ದಾರಕ್ಕೆ ಗಾಳ ಕಟ್ಟುವ ಗಂಟೂ ಅವನದೇ. ಕ್ರಾಪಿ ಮೀನಿನ ತುಟಿ ಕಾಗದದಷ್ಟು ತೆಳು, ತುಸು ಜಗ್ಗಿದರೂ ಹರಿಯುತ್ತದೆ. ಹರಿಯುವ ಮೊದಲೇ ಕೆಳಗಿನಿಂದ ಬಲೆ ಒಡ್ಡುವುದು ಆಕೆಯ ಕೆಲಸ. ಮಿಕ್ಕ ದಿನಗಳಲ್ಲಿ ಶಾಲೆಯ ಅಡುಗೆಮನೆಯಲ್ಲಿ ಊರ ಮಕ್ಕಳಿಗೆ ಬಡಿಸುತ್ತಿದ್ದಳು.

ನವೆಂಬರಿನಲ್ಲಿ ಹರ್ಷೆಲ್ ತೀರಿಕೊಂಡ. ಏಪ್ರಿಲ್ ಬಂತು. ಚರ್ಚಿನ ವಸಂತದೂಟಕ್ಕೆ ಈನಿಡ್ ಜಲಾಶಯದ ಮೀನು ತರುವ ಪಾಳಿ ಅವರ ಮನೆಯದು.

"ಈ ಸಲ ಸಾಕಿದ ಮೀನು ತರಿಸಿಬಿಡೋಣಮ್ಮ. ನಿಮಗ್ಯಾಕೆ ತೊಂದರೆ," ಎಂದರು ಚರ್ಚಿನ ಹಿರಿಯ ಗೇದರ್ಸ್.

ಒಮ್ಮೆ ತಪ್ಪಿದ ಪಾಳಿ ಮನೆಗೆ ಮರಳುವುದಿಲ್ಲ. ಓಪಲೀನ್ ಹೇಳಿದ್ದಿಷ್ಟೆ: "ನೀವು ಬಾಣಲೆ ಕಾಯಿಸಿಡಿ."

ಊಟದ ಹಿಂದಿನ ದಿನ ಆಕೆ ದೋಣಿಯಲ್ಲಿ ನೀರಿಗಿಳಿದಾಗ ಮೋಟಾರಿನ ಬಳಿ ಹರ್ಷೆಲ್‌ನ ತಂಗಿ ಮೇವಿಸ್ ಇದ್ದಳು. ದೋಣಿಗೆ ಸಿಕ್ಕಿಸಿದ ಕೋಲುಗಳ ದಾರಗಳು ಹಿಂದೆ ಉದ್ದಕ್ಕೆ ಎಳೆದುಕೊಂಡು ಬರುತ್ತಿದ್ದವು. ಒಂದೊಂದರ ತುದಿಗೂ ಸೀಸದ ತಲೆಯ ಗಾಳ, ಗಾಳಕ್ಕೆ ಚುಚ್ಚಿದ ಮೆತ್ತನೆಯ ರಬ್ಬರಿನ ಮೀನುಮರಿ. ಎಲ್ಲವೂ ಕಳೆದ ಶರತ್ಕಾಲದಲ್ಲಿ ಹರ್ಷೆಲ್ ಕಟ್ಟಿಟ್ಟಿದ್ದವು.

ಮಧ್ಯಾಹ್ನವಾಯಿತು. ಮೀನಿನ ಪೆಟ್ಟಿಗೆಯಲ್ಲಿ ಬರೀ ಐಸ್. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟುತ್ತಿತ್ತು.

"ಅತ್ತಿಗೆ, ಆ ಸೀಸ ಭಾರ ಆಯ್ತು. ಮೀನು ಮೇಲಿದೆ, ನಾವು ಕೆಳಗೆ ಕೆರೀತಿದ್ದೀವಿ."

"ನಿಮ್ಮಣ್ಣ ಕಟ್ಟಿದ್ದು."

"ಅಣ್ಣ ಕಟ್ಟಿದ್ದು ಚಳಿ ನೀರಿಗೆ. ಈಗ ಮೊಟ್ಟೆಯಿಡೋ ಕಾಲ. ಅವನೇ ಇದ್ದಿದ್ರೆ ಇಷ್ಟೊತ್ತಿಗೆ ಕಿತ್ತು ಬಿಸಾಕ್ತಿದ್ದ."

"ದೋಣಿ ನೋಡ್ಕೊ, ಮೋಟು ಮರ ಇದೆ ಮುಂದೆ!"

ಮೇವಿಸ್ ಸರಕ್ಕನೆ ತಿರುಗಿಸಿದಳು. ತಿರುವಿನ ಒಳಮಗ್ಗುಲಿನ ದಾರಗಳು ಸಡಿಲಾಗಿ ಮುಳುಗಿದವು. ಹೊರಮಗ್ಗುಲಿನವು ವೇಗ ಹಿಡಿದು ಮೇಲೆದ್ದವು. ಆ ಹೊರಗಿನ ಕೋಲೇ ಬಾಗಿತು. ಓಪಲೀನ್ ಬಲೆ ಎತ್ತುವಷ್ಟರಲ್ಲಿ ಮೀನು ಕಳಚಿಕೊಂಡು ಕೋಲು ನೆಟ್ಟಗಾಯಿತು.

"ನೋಡಿದ್ರಾ? ಮೇಲಿದೆ ಅಂತ ಮೀನೇ ಹೇಳ್ತು."

"ಹಾಗಾದ್ರೆ ಜೋರಾಗಿ ಓಡ್ಸು. ಎಲ್ಲಾ ದಾರ ಮೇಲೆ ಬರುತ್ತೆ. ಗಂಟು ಬಿಚ್ಚೋದು ಬೇಡ."

ಮೇವಿಸ್ ವೇಗ ಹೆಚ್ಚಿಸಿದಳು. ಕೋಲುಗಳು ಬಾಗಿದವು, ನೆಟ್ಟಗಾದವು, ಮತ್ತೆ ಬಾಗಿದವು. ಎಳೆದ ಗಾಳದ ಕೊಂಡಿಯಲ್ಲಿ ತುಟಿಯ ಬಿಳಿ ಚೂರು ಮಾತ್ರ ಉಳಿದಿತ್ತು.

ದೂರದಲ್ಲಿ ಗುಡುಗಿತು.

"ಇನ್ನು ಸ್ವಲ್ಪ ಹೊತ್ತು, ಅಷ್ಟೆ. ಸಿಡಿಲಲ್ಲಿ ನಿಲ್ಲಲ್ಲ ನಾನು. ಹೇಳಿ, ಗಂಟು ಬೇಕಾ, ಊಟ ಬೇಕಾ?" ಎಂದು ಕೇಳಿದ ಮೇವಿಸ್ ಕೂಡಲೇ ಮುಖ ತಿರುಗಿಸಿಕೊಂಡಳು.

ಓಪಲೀನ್ ಮೊದಲ ದಾರವನ್ನು ಕೈಗೆ ತೆಗೆದುಕೊಂಡಳು. ಗಂಟಿನ ಸುತ್ತುಗಳು ಬಿಗಿಯಾಗಿದ್ದವು, ತುದಿಯನ್ನು ಅವನು ಹಲ್ಲಿನಿಂದ ಕಡಿದಿದ್ದ. ಗಂಟಿನ ಮೇಲೆ ಒಂದಷ್ಟು ದಾರ ಉಳಿಸಿ ಕತ್ತರಿಸಿದಳು. ಹಾಗೆಯೇ ಎಲ್ಲವನ್ನೂ ಕತ್ತರಿಸಿ, ಗಂಟಿನ ಸಮೇತ ಗಾಳಗಳನ್ನು ಅಂಗಿಯ ಜೇಬಿಗೆ ಹಾಕಿ ಗುಂಡಿ ಹಾಕಿದಳು.

"ಸೀಸದ ತಲೆ ಹಗುರ ಇರೋ ಗಾಳ ಕೊಡು. ಮರಿ ಮಾತ್ರ ದೊಡ್ಡದೇ ಇರ್ಲಿ. ನೀರು ಕೆಂಪಗಿದೆ, ಚಿಕ್ಕದು ಮೀನಿಗೆ ಕಾಣಲ್ಲ."

"ದೊಡ್ಡದಾದ್ರೆ ಇನ್ನೂ ಮೇಲೇ ತೇಲುತ್ತೆ, ಒಳ್ಳೇದೇ. ಯಾರು ಹೇಳ್ಕೊಟ್ರು?"

"ಬಲೆ ಹಿಡ್ದೋಳು ಕಣ್ಣು ಮುಚ್ಕೊಂಡಿರ್ತಾಳಾ?"

ಆಕೆ ಹೊಸದಾಗಿ ಕಟ್ಟಿದ ಗಂಟುಗಳು ಗೋಜಲುಗೋಜಲಾಗಿದ್ದವು. ದೋಣಿ ನಿಧಾನವಾಯಿತು. ಮೇವಿಸ್ ಮೋಡ ನೋಡುತ್ತಿದ್ದಳು, ಓಪಲೀನ್ ಕೋಲುಗಳ ತುದಿ. ಎಡಗಡೆಯದು ಬಾಗಿತು, ಬಾಗಿಯೇ ಉಳಿಯಿತು. ಓಪಲೀನ್ ಮೆಲ್ಲಗೆ ಸುತ್ತಿಕೊಂಡಳು. ಮೀನು ಪಕ್ಕಕ್ಕೆ ಬಂದು ಹೊಳೆದಾಗ ಬಲೆ ಹಿಡಿಯುವವರು ಯಾರೂ ಇಲ್ಲವೆಂದು ಹೊಳೆಯಿತು.

"ಬಲೆ!" ಎಂದು ಕೂಗಿದಳು. ಥೇಟ್ ಹರ್ಷೆಲ್ ಕೂಗಿದಂತೆ.

ಮೇವಿಸ್ ಮೋಟಾರು ಬಿಟ್ಟು ಹಾರಿ ಬಂದಳು.

ಮೊದಲ ಹನಿ ಬೀಳುವ ಹೊತ್ತಿಗೆ ಮೀನಿನ ರಾಶಿಯಡಿ ಪೆಟ್ಟಿಗೆಯ ಐಸ್ ಕಾಣುತ್ತಿರಲಿಲ್ಲ.

"ಸಾಕು ಅತ್ತಿಗೆ, ಊಟಕ್ಕಾಯ್ತು. ನಡೀರಿ."

"ಗೇದರ್ಸ್ ಒಬ್ರೇ ಅರ್ಧ ತಿಂತಾರೆ," ಎಂದಳು ಓಪಲೀನ್, ದಾರಗಳನ್ನು ಒಳಗೆಳೆದುಕೊಳ್ಳುತ್ತ. ಬಾಗಿದಾಗ ಜೇಬಿನ ಗಾಳವೊಂದು ಬಟ್ಟೆ ದಾಟಿ ಚುಚ್ಚಿತು. ಆಕೆ ಅದನ್ನು ತೆಗೆಯಲಿಲ್ಲ.